ಬಣ್ಣದ ಮೇಜಿನ ಬೆಲೆ

ಹಳೆಯ ಮನೆ ಪಾಲಾಗುವಾಗ ಹೊಲ, ಒಡವೆ, ತಾಮ್ರದ ಹಂಡೆಗಳಿಗೆ ಲೆಕ್ಕವಿರುತ್ತದೆ. ಪಡಸಾಲೆಯ ಮೂಲೆಯ ಬಣ್ಣದ ಮೇಜಿಗೆ ಇರುವುದಿಲ್ಲ. ಅದು ಒಂದೋ ಗುಜರಿಯವನ ಗಾಡಿ ಹತ್ತಿ ಸೌದೆಯ ದರಕ್ಕೆ ಹೋಗುತ್ತದೆ, ಇಲ್ಲವೇ ಮಾರಾಟಕ್ಕೆ ಮುನ್ನ ಅಂದವಾಗಲೆಂದು ಬಡಗಿಯ ಕೈ ಸೇರಿ ಹೊಸ ಬಣ್ಣ ಹೊದೆಯುತ್ತದೆ. ಎರಡರಲ್ಲಿಯೂ ನಷ್ಟ ಮನೆಯವರದೇ. ಆದರೆ ಎರಡನೆಯ ನಷ್ಟ ಹೆಚ್ಚಿನದು. ಉಜ್ಜಿ ತೆಗೆದ ಹಳೆಯ ಚಿತ್ರವನ್ನು ಯಾವ ಹಣವೂ ಮರಳಿ ತಾರದು.

ಚಿತ್ರಿಸಿದ ಮೇಜಿನ ಬೆಲೆ ಮರದಲ್ಲಿರುವುದಕ್ಕಿಂತ ಮೂಲ ಬಣ್ಣದಲ್ಲಿರುತ್ತದೆ. ಅಂಚು ಸವೆದು, ಹೂಬಳ್ಳಿ ಅಲ್ಲಲ್ಲಿ ಅಳಿಸಿದ್ದರೂ ಬಲ್ಲವನು ಅದನ್ನೇ ಬಯಸುತ್ತಾನೆ. ಸವೆತ ಎಲ್ಲಿದೆ ಎಂಬುದೇ ಮೊದಲ ಪರೀಕ್ಷೆ. ಕೈ ಊರುವ ಅಂಚು, ಕಾಲು ತಗಲುವ ಅಡ್ಡಪಟ್ಟಿ ಸವೆದಿದ್ದರೆ ಅದು ಬಳಕೆಯ ಗುರುತು. ಎಲ್ಲ ಕಡೆಯೂ ಸಮನಾಗಿ ಸವೆದಿದ್ದರೆ ಉಪ್ಪುಕಾಗದದ ಕೆಲಸವೆಂದು ಸಂಶಯಿಸಬೇಕು.

ಬಳಿಕ ಮೇಜನ್ನು ಮಗುಚಿ ನೋಡಬೇಕು. ಅಡಿಭಾಗ ಸುಳ್ಳು ಹೇಳುವುದು ಅಪರೂಪ. ಕೈಗರಗಸದ ಗೆರೆಗಳು ನೇರವಾಗಿ, ತುಸು ಏರುಪೇರಾಗಿ ಇರುತ್ತವೆ. ಚಕ್ರಗರಗಸದವು ಕಮಾನಿನಂತೆ ಬಾಗಿರುತ್ತವೆ. ತಲೆಯ ಮೇಲೆ ಕೂಡುಗುರುತಿನ ಸೀಳುಳ್ಳ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದು ಮೊದಲ ಜೋಡಣೆಯದೇ ಆಗಿದ್ದರೆ ನೂರು ವರ್ಷದ ಮಾತು ನಿಲ್ಲದು. ಮರವು ಎಳೆಗೆ ಅಡ್ಡಲಾಗಿ ಕುಗ್ಗುವುದರಿಂದ, ಹಳೆಯ ದುಂಡು ಮೇಜನ್ನು ಎರಡು ದಿಕ್ಕಿನಲ್ಲಿ ಅಳೆದರೆ ಅಳತೆಯಲ್ಲಿ ತುಸು ಅಂತರ ಕಾಣುವುದುಂಟು. ಸಣ್ಣ ತೂತುಗಳಿಂದ ಹೊಸ ಹುಡಿ ಉದುರುತ್ತಿದ್ದರೆ ಕುಟ್ಟೆ ಹುಳು ಇನ್ನೂ ಜೀವಂತವಿದೆಯೆಂದೇ ತಿಳಿಯಬೇಕು.

ಗೋವೆಯ ಗಡಿಯಾಚೆಯ ಸಾವಂತವಾಡಿ ಇಂಥ ಕೆಲಸಕ್ಕೆ ಹೆಸರಾದ ಊರು. ಅಲ್ಲಿನ ಚಿತಾರಿಗಳು ಗಂಜೀಫಾ ಎಲೆಗಳಂತೆಯೇ ಮರದ ಪೀಠೋಪಕರಣಗಳ ಮೇಲೂ ದೇವತೆಗಳನ್ನೂ ಹೂಬಳ್ಳಿಗಳನ್ನೂ ಬರೆದರು. ಕ್ಷೀಣಿಸಿದ್ದ ಗಂಜೀಫಾ ಕಲೆಗೆ 1970ರ ದಶಕದಲ್ಲಿ ಶಿವರಾಮರಾಜೇ ಭೋಂಸಲೆ ಮತ್ತು ಸತ್ವಶೀಲಾದೇವಿ ದಂಪತಿ ಅರಮನೆಯಲ್ಲಿಯೇ ಮರುಜೀವ ಕೊಟ್ಟರು. ಆ ಪುನರುಜ್ಜೀವನದ ಕಾಲದ ಮೇಜಿಗೆ ಸುಮಾರು ಐವತ್ತು ವರ್ಷ. ಅದೂ ಬೆಲೆಯುಳ್ಳದ್ದೇ, ಆದರೆ ಮುತ್ತಜ್ಜನ ಕಾಲದ್ದೆಂದು ಹೇಳಿ ಮಾರುವುದು ವಂಚನೆ.

ವಯಸ್ಸಿನ ಪ್ರಶ್ನೆ ಕಾನೂನಿಗೂ ಸೇರಿದ್ದು. ನೂರು ವರ್ಷ ದಾಟಿದ ಕಲಾಕುಶಲ ವಸ್ತು 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ವ್ಯಾಪ್ತಿಗೆ ಬರಬಲ್ಲದು. ಪ್ರಾಚೀನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಅದರ ವ್ಯಾಪಾರ ನಡೆಸುವವನಿಗೆ ಪರವಾನಗಿ ಬೇಕು.

ಮಾರುವ ಮುನ್ನ ಮಾಡಬೇಕಾದದ್ದು ಸ್ವಲ್ಪವೇ: ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸುವುದು, ಸಡಿಲ ಕೀಲನ್ನು ಬಿಗಿಗೊಳಿಸುವುದು, ಹಗಲು ಬೆಳಕಿನಲ್ಲಿ ಚಿತ್ರ ತೆಗೆಯುವುದು. ಸ್ಪಿರಿಟ್ ತಾಕಿಸಬಾರದು, ಅರಗಿನ ಮೆರುಗು ಅದರಲ್ಲಿ ಕರಗುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಉಜ್ಜುವುದಂತೂ ಸಲ್ಲದು. ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

ಬೆಲೆಯನ್ನು ಒಬ್ಬನಲ್ಲಿಯೇ ಕೇಳಿ ನಿರ್ಧರಿಸಬಾರದು. ಸಾಗಣೆ, ದುರಸ್ತಿ, ಗಿರಾಕಿಗಾಗಿ ಕಾಯುವ ತಿಂಗಳುಗಳು, ಇವೆಲ್ಲ ವ್ಯಾಪಾರಿಯ ಪಾಲಿನ ಖರ್ಚು; ಅವನು ಮಾರುವ ಬೆಲೆಗಿಂತ ಕಡಿಮೆ ಕೊಡುವುದು ಸಹಜ. ಎಷ್ಟು ಕಡಿಮೆ ಎಂಬುದು ತಿಳಿಯಬೇಕಾದರೆ ಮೂವರನ್ನಾದರೂ ಕೇಳಬೇಕು. ಕೊಳ್ಳುವವನಿಗೆ ಬದಲಾಯಿಸಿದ ಕಾಲು, ಮೆತ್ತಿದ ಬಿರುಕು, ತಿದ್ದಿದ ಬಣ್ಣ ಎಲ್ಲವನ್ನೂ ಬರೆದು ಕೊಡಬೇಕು. ಯಾರ ಮನೆಯಲ್ಲಿತ್ತು, ಯಾವ ಊರಿನಿಂದ ಬಂತು ಎಂದು ಹಿರಿಯರಿಗೆ ನೆನಪಿದ್ದಷ್ಟನ್ನೂ ಅದರೊಡನೆ ಸೇರಿಸಬೇಕು. ಮೇಜು ಮನೆ ದಾಟಿದ ಮೇಲೆ ಅದರ ಕಥೆಯನ್ನು ಹೇಳುವವರು ಇರುವುದಿಲ್ಲ.