ಎಡ್ ಬರ್ಕ್ ಪರ ವಕಾಲತ್ತಿಗೆ ಒಂದು ಉತ್ತರ

ಶಿಕಾಗೊ ನಗರ ಪರಿಷತ್ತಿನಲ್ಲಿ 1969ರಿಂದ 2023ರವರೆಗೆ 14ನೇ ವಾರ್ಡಿನ ಆಲ್ಡರ್‌ಮನ್ ಆಗಿದ್ದ ಎಡ್ವರ್ಡ್ ಬರ್ಕ್ ಮೇಲೆ 14 ಆರೋಪಗಳಿದ್ದವು. 2023ರ ಡಿಸೆಂಬರಿನಲ್ಲಿ ಜ್ಯೂರಿ ಅವುಗಳಲ್ಲಿ 13ನ್ನು ಎತ್ತಿಹಿಡಿಯಿತು: ಲಂಚ, ಸುಲಿಗೆ ಯತ್ನ, ಅಧಿಕಾರವನ್ನೇ ದಂಧೆಯಾಗಿ ನಡೆಸಿದ್ದು. ತೀರ್ಪು ಬಂದ ಮೇಲೂ ಅವರ ಪರವಾದ ವಕಾಲತ್ತು ನಿಂತಿಲ್ಲ. ಆ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೂಗಿ ನೋಡುವ ಕೆಲಸ ಓದುಗರದು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಾದ: ಬರ್ಕ್ ಕೈಗೆ ಕಾಸು ಬಂದಿಲ್ಲ, ಬಾರದ ಕಾಸಿಗೆ ಯಾವ ಲಂಚ? ಹಾಗಾದರೆ ಬರ್ಗರ್ ಕಿಂಗ್ ಕಥೆ ನೋಡೋಣ. 2017ರಲ್ಲಿ ಬರ್ಕ್ ವಾರ್ಡಿನ ಪುಲಾಸ್ಕಿ ರಸ್ತೆಯಲ್ಲಿದ್ದ ಆ ಹೋಟೆಲನ್ನು ನವೀಕರಿಸಲು ಮಾಲೀಕರು ಹೊರಟರು. ನಗರದ ಅನುಮತಿ ಬೇಕಿತ್ತು. ಬರ್ಕ್ ಅವರಿಗೆ ಬೇಕಿದ್ದದ್ದು ಬೇರೆ: ಆ ಕಂಪನಿಯ ಆಸ್ತಿ ತೆರಿಗೆ ಮೇಲ್ಮನವಿಗಳ ಕೆಲಸ ತಮ್ಮ ಖಾಸಗಿ ವಕೀಲಿ ಕಚೇರಿಗೆ ಬರಬೇಕು. ಮಾಲೀಕರನ್ನು ಕ್ಲಬ್ಬಿಗೆ ಕರೆದು ಊಟ ಹಾಕಿಸಿದ್ದೂ ಆಯಿತು. ಕೆಲಸ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಹೋಟೆಲಿನ ವಾಹನ ದಾರಿಗೆ ಪರವಾನಗಿ ಇಲ್ಲವೆಂಬ ಮಹಾ ಲೋಪ ವಾರ್ಡ್ ಕಚೇರಿಯ ಕಣ್ಣಿಗೆ ಬಿತ್ತು, ಕಾಮಗಾರಿ ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಶಿಕಾಗೊದ ವಾರ್ಡುಗಳಲ್ಲಿ ಅದು ಆಡಳಿತ ಪದ್ಧತಿಯೇ ಆಗಿತ್ತು. ಆಲ್ಡರ್‌ಮನ್ ಬೇಡವೆಂದರೆ ಅವರ ವಾರ್ಡಿನಲ್ಲಿ ಫೈಲು ಅಲ್ಲಾಡುತ್ತಿರಲಿಲ್ಲ. ಅಲ್ಲಿ ಮಾರಾಟಕ್ಕಿದ್ದ ಸರಕೂ ಇದೇ, ಆ 'ಬೇಡ'. ಗಿರಾಕಿ ದುಡ್ಡು ಕೊಡದೆ ಹೋದ ಮಾತ್ರಕ್ಕೆ ಅಂಗಡಿ ತೆರೆದಿರಲೇ ಇಲ್ಲ ಎನ್ನಲಾದೀತೆ? ಸುಲಿಗೆಗೆ ಯತ್ನಿಸುವುದೇ ಅಪರಾಧ ಎನ್ನುವ ಕಾನೂನು ಬರ್ಕ್ ಅವರಿಗಾಗಿ ಹೊಸದಾಗಿ ಬರೆದದ್ದಲ್ಲ. ಐದು ದಶಕ ಕಾನೂನಿನ ಪಕ್ಕದಲ್ಲೇ ಕೂತಿದ್ದ ವಕೀಲರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಫೀಲ್ಡ್ ಮ್ಯೂಸಿಯಂ ಪ್ರಕರಣದಲ್ಲಂತೂ ದುಡ್ಡಿನ ಮಾತೇ ಇಲ್ಲ. ಅದಕ್ಕೇ ಅಭಿಮಾನಿಗಳು ಅದನ್ನು ಕ್ಷುಲ್ಲಕ ಎಂದು ನಕ್ಕುಬಿಡುತ್ತಾರೆ. ನನಗೆ ಇಡೀ ಮೊಕದ್ದಮೆಯಲ್ಲಿ ಅತಿ ಹೆಚ್ಚು ಬೆಳಕು ಕಂಡದ್ದು ಅಲ್ಲೇ. ಬರ್ಕ್ ಅವರ ಗೆಳೆಯರೊಬ್ಬರ ಮಗಳು ಅಲ್ಲಿ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದ್ದಳು, ಮ್ಯೂಸಿಯಂ ಉತ್ತರಿಸಲಿಲ್ಲ. ಇದೇ ಮ್ಯೂಸಿಯಂ ಪ್ರವೇಶ ಶುಲ್ಕ ಏರಿಸಲು ಒಪ್ಪಿಗೆ ಕೇಳುತ್ತ ಫೋನ್ ಮಾಡಿದಾಗ ಬರ್ಕ್ ಹಳೆಯ ಅರ್ಜಿಯ ಪ್ರಸ್ತಾಪ ತೆಗೆದರು. ತಾನು ಒಂದು ಮಾತು ಆಡಿದರೆ ಶುಲ್ಕದ ವಿಷಯ ಅಲ್ಲಿಗೇ ಮುಗಿಯುತ್ತದೆ ಎನ್ನುವುದನ್ನೂ ಕಿವಿಗೆ ಹಾಕಿದರು. ಗಾಬರಿಯಾದ ಮ್ಯೂಸಿಯಂ ಆ ಹುಡುಗಿಗೆ ಅವಕಾಶ ಕೊಡಲು ಓಡಾಡಿತು, ಅವಳಿಗೇ ಬೇಡವಾಗಿತ್ತು. ಶುಲ್ಕ ಏರಿಕೆ ನಗರವಾಸಿಗಳಿಗೆ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆ ಆ ಸಂಭಾಷಣೆಯಲ್ಲಿ ಎಲ್ಲಿತ್ತು? ಅಭಿಮಾನಿಗಳು ಇದನ್ನೊಂದು ಉತ್ತರಿಸಿಬಿಡಲಿ.

ಎರಡನೆಯ ವಾದ ಮೇಲ್ನೋಟಕ್ಕೆ ಸಭ್ಯವಾಗಿದೆ: ಆಲ್ಡರ್‌ಮನ್ನರು ಬೇರೆ ವೃತ್ತಿ ಮಾಡುವುದಕ್ಕೆ ಅವಕಾಶವಿತ್ತು, ತಮ್ಮ ಕಕ್ಷಿದಾರರ ವಿಷಯ ಮತಕ್ಕೆ ಬಂದಾಗ ಬರ್ಕ್ ನಿಯಮದಂತೆ ಮತ ಹಾಕದೆ ದೂರ ಉಳಿಯುತ್ತಿದ್ದರು. ನಿಜ, ಹಾಗೆ ನೂರಾರು ಸಲ ದೂರ ಉಳಿದರು. ಒಬ್ಬ ಜನಪ್ರತಿನಿಧಿಗೆ ನೂರಾರು ಸಲ ತನ್ನ ಹುದ್ದೆಗೂ ಗಂಟಿಗೂ ತಾಕಲಾಟ ಬರುತ್ತದೆ ಎಂದರೆ ಅದನ್ನು ಪ್ರಾಮಾಣಿಕತೆಯ ಪ್ರಮಾಣಪತ್ರ ಎನ್ನುವುದೋ, ರೋಗದ ಲಕ್ಷಣ ಎನ್ನುವುದೋ? ಅದಿರಲಿ. ಬರ್ಕ್ ಹಲವು ದಶಕ ಪರಿಷತ್ತಿನ ಹಣಕಾಸು ಸಮಿತಿಯ ಅಧ್ಯಕ್ಷರಾಗಿದ್ದರು. ನಗರ ನೌಕರರಿಗೆ ಗಾಯ ಪರಿಹಾರ ಕೊಡುವ, ವರ್ಷಕ್ಕೆ ಸುಮಾರು 10 ಕೋಟಿ ಡಾಲರಿನ ಯೋಜನೆಯೂ ಆ ಸಮಿತಿಯ ಮುಷ್ಟಿಯಲ್ಲೇ ಇತ್ತು. ನಗರದ ಇನ್‌ಸ್ಪೆಕ್ಟರ್ ಜನರಲ್‌ಗೂ ಅದರೊಳಗೆ ಪ್ರವೇಶವಿರಲಿಲ್ಲ. ಇಷ್ಟು ಹಿಡಿತವಿದ್ದವರು ಮತದಾನದ ಗಳಿಗೆಯಲ್ಲಿ ಕೈ ಕಟ್ಟಿ ಕೂತರೆ ಏನು ಬಂತು? ಅವರ ವ್ಯವಹಾರ ನಡೆಯುತ್ತಿದ್ದದ್ದು ಸಭೆಗೆ ಮೊದಲು, ಫೋನಿನಲ್ಲಿ.

ಮೂರನೆಯದು ಡ್ಯಾನಿ ಸೊಲಿಸ್ ಮೇಲಿನ ಆಕ್ರೋಶ. ಸಹ ಆಲ್ಡರ್‌ಮನ್ ಸೊಲಿಸ್ ತಾವೇ ಸಿಕ್ಕಿಬಿದ್ದು, ಎಫ್‌ಬಿಐಗೆ ಶರಣಾಗಿ, ಗುಪ್ತ ಧ್ವನಿಮುದ್ರಕ ಕಟ್ಟಿಕೊಂಡು ಬಂದು ಬರ್ಕ್ ಅವರನ್ನು ಹಳ್ಳಕ್ಕೆ ಕೆಡವಿದರಂತೆ. ಸೊಲಿಸ್ ಸಜ್ಜನರೆಂದು ನಾನೂ ಹೇಳಲಾರೆ. ಆದರೆ ಬರ್ಗರ್ ಕಿಂಗ್ ಮತ್ತು ಮ್ಯೂಸಿಯಂ ಪ್ರಕರಣಗಳ ಪುರಾವೆ ಸಿಕ್ಕಿದ್ದು ಬರ್ಕ್ ಅವರದೇ ಫೋನಿನ ಕದ್ದಾಲಿಕೆಯಲ್ಲಿ. ಅಲ್ಲಿ ಸೊಲಿಸ್ ಇಲ್ಲವೇ ಇಲ್ಲ. ಸೊಲಿಸ್ ಇದ್ದದ್ದು ಹಳೆಯ ಅಂಚೆ ಕಟ್ಟಡದ ನವೀಕರಣದ ಪ್ರಕರಣದಲ್ಲಿ. ಆ ಕಟ್ಟಡ ಬರ್ಕ್ ವಾರ್ಡಿನದಲ್ಲ ಎಂಬುದನ್ನೂ ಮರೆಯಬಾರದು. ಅದರ ನಿರ್ಮಾಣ ಕಂಪನಿಯಿಂದ ತೆರಿಗೆ ಕೆಲಸ ಇನ್ನೂ ಬಂದಿಲ್ಲವೆಂದು ಗೊಣಗಿದ್ದು, ಗಲ್ಲಾಪೆಟ್ಟಿಗೆ ಇನ್ನೂ ಸದ್ದು ಮಾಡಿಲ್ಲ ಎಂದದ್ದು, ದೊಡ್ಡ ಮೀನು ಗಾಳಕ್ಕೆ ಬಿತ್ತೇ ಎಂದು ವಿಚಾರಿಸಿದ್ದು ಬರ್ಕ್ ಬಾಯಿಂದಲೇ. ಧ್ವನಿಮುದ್ರಕ ಕಟ್ಟಿಕೊಂಡವರು ಪಾಪಿಯಾದ ಮಾತ್ರಕ್ಕೆ ಅದರಲ್ಲಿ ಮಾತಾಡಿದವರ ದನಿ ಬದಲಾಗುತ್ತದೆಯೆ? ಇನ್ನೂ ಸೊಗಸಾದ ಸಂಗತಿ: ಸೊಲಿಸ್ ಅವರನ್ನು ಸಾಕ್ಷಿಕಟ್ಟೆಗೆ ಕರೆದದ್ದು ಸರ್ಕಾರಿ ವಕೀಲರಲ್ಲ, ಬರ್ಕ್ ಪರ ವಕೀಲರು. ನಂಬಲೇಬಾರದ ಮನುಷ್ಯ ಎಂದು ಸಾರಿದವರಿಗೆ ಕೊನೆಗೆ ಬೇಕಾದದ್ದೂ ಅದೇ ಮನುಷ್ಯ.

ಜನತಾ ನ್ಯಾಯಾಲಯದ ವಾದ ಗೊತ್ತಿದ್ದದ್ದೇ: ಆರೋಪ ಬಂದ ಮೇಲೂ 2019ರ ಫೆಬ್ರುವರಿಯಲ್ಲಿ ಜನ ಬರ್ಕ್ ಅವರನ್ನೇ ಗೆಲ್ಲಿಸಿದರು. ಹೌದು, ಗೆಲ್ಲಿಸಿದರು. ಆಗ ಮತದಾರರ ಮುಂದಿದ್ದದ್ದು ಜನವರಿಯ ಬರ್ಗರ್ ಕಿಂಗ್ ದೂರು ಮಾತ್ರ. 14 ಆರೋಪಗಳ ಪೂರ್ಣ ಪಟ್ಟಿ ಬಂದದ್ದು ಮೇ ತಿಂಗಳ ಕೊನೆಗೆ. ಪ್ರಶ್ನೆಪತ್ರಿಕೆ ಕೊಡುವ ಮೊದಲೇ ಉತ್ತರ ಪಡೆದು ಪಾಸಾದೆ ಎನ್ನುವುದು ಬರ್ಕ್ ಅವರಂಥ ಹಿರಿಯರಿಗೆ ಒಪ್ಪುವುದಿಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಜನರಿಗೆ ಎಲ್ಲ ಗೊತ್ತಿತ್ತು. 2023ರಲ್ಲಿ ಬರ್ಕ್ ನಿಲ್ಲಲೇ ಇಲ್ಲ.

ಉಳಿದದ್ದು ಸೇವೆ. ಶಿಕ್ಷೆಗೆ ಮುನ್ನ ನ್ಯಾಯಾಧೀಶೆ ವರ್ಜೀನಿಯಾ ಕೆಂಡಾಲ್ ಅವರಿಗೆ 200ಕ್ಕೂ ಹೆಚ್ಚು ಪತ್ರಗಳು ಹೋದವು: ಬಡವರಿಗೆ ನೆರವಾದರು, ಯಾರ ಮನೆಯಲ್ಲಿ ಸಾವಾದರೂ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಅವು ಸುಳ್ಳೆನ್ನುವುದಿಲ್ಲ. ಆದರೆ ಸೇವೆಯ ಲೆಕ್ಕ ತೆಗೆದರೆ ಪೂರ್ತಿ ತೆಗೆಯಬೇಕು. 1983ರಲ್ಲಿ ಶಿಕಾಗೊ ತನ್ನ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ ಅವರನ್ನು ಆರಿಸಿದಾಗ ಪರಿಷತ್ತಿನಲ್ಲಿ 29 ಮಂದಿಯ ಗುಂಪು ಕಟ್ಟಿ ಅವರಿಗೆ ಆಡಳಿತ ನಡೆಸಲು ಬಿಡದ ಮುಂದಾಳುಗಳಲ್ಲಿ ಬರ್ಕ್ ಒಬ್ಬರು. ಇದು ಅಪರಾಧವಲ್ಲ, ಸೇವೆಯಂತೂ ಅಲ್ಲ. ಇನ್ನು 'ಎಲ್ಲರೂ ಮಾಡುತ್ತಾರೆ' ಎನ್ನುವವರು ಗಮನಿಸಲಿ. 1970ರ ದಶಕದಿಂದ ಈಚೆಗೆ ಶಿಕಾಗೊದ 30ಕ್ಕೂ ಹೆಚ್ಚು ಆಲ್ಡರ್‌ಮನ್ನರಿಗೆ ಶಿಕ್ಷೆಯಾಗಿದೆ. ಒಬ್ಬೊಬ್ಬರಾಗಿ ಜೈಲಿಗೆ ಹೋದದ್ದನ್ನು ಅದೇ ಪರಿಷತ್ತಿನಲ್ಲಿ ಕೂತು ನೋಡಿದವರು ಬರ್ಕ್. ತಿಳಿಯದೆ ಆಯಿತು ಎನ್ನುವ ದಾರಿ ಇಡೀ ಪರಿಷತ್ತಿನಲ್ಲಿ ಯಾರಿಗಾದರೂ ಮುಚ್ಚಿದ್ದರೆ ಅದು ಅವರಿಗೇ.

ಕಡೆಯದು ವಯಸ್ಸು. 80ರ ವೃದ್ಧರಿಗೆ ಜೈಲೇ ಎನ್ನುತ್ತಾರೆ. ಸರ್ಕಾರಿ ವಕೀಲರು ಕೇಳಿದ್ದು 10 ವರ್ಷ. 2024ರ ಜೂನಿನಲ್ಲಿ ಸಿಕ್ಕಿದ್ದು ಎರಡು ವರ್ಷ, 20 ಲಕ್ಷ ಡಾಲರ್ ದಂಡ. ಅದರಲ್ಲೂ ಸೆರೆಮನೆಯೊಳಗೆ ಕಳೆದದ್ದು ಒಂದು ವರ್ಷಕ್ಕಿಂತ ಕಡಿಮೆ. ಗಲ್ಲಾಪೆಟ್ಟಿಗೆಯ ಮಾತಾಡುವಾಗ ಅವರಿಗೆ 70 ದಾಟಿತ್ತು. ಇನ್ನೂ ನಾಲ್ಕು ವರ್ಷ ವಾರ್ಡ್ ಆಳುತ್ತೇನೆಂದು ಮತ ಕೇಳಿದಾಗ 75. ಆಗ ಯಾವ ಅಭಿಮಾನಿಯೂ ಅವರ ವಯಸ್ಸನ್ನು ನೆನೆದು ಮರುಗಿದ್ದನ್ನು ನಾನು ಕೇಳಲಿಲ್ಲ.