ಉಳಿ ಹಿಡಿದ ಕೈಗೆ ವಯಸ್ಸಿಲ್ಲ

"ಇನ್ನು ಈ ಪ್ರಾಯದಲ್ಲಿ ಏನು ಕಲಿಯುವುದು?" ನಮ್ಮ ಜಮಾಅತ್‌ಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಗಲ್ಫಿನಲ್ಲಿ ಇಪ್ಪತ್ತು ವರ್ಷ ಬಡಗಿ ಕೆಲಸ, ಗಾರೆ ಕೆಲಸ ಮಾಡಿ ಬಂದವರೂ ಇದನ್ನೇ ಹೇಳುತ್ತಾರೆ. ಮಕ್ಕಳು ಕೂಡ "ಉಪ್ಪಾ, ನೀವು ಸುಮ್ಮನೆ ಕೂತುಕೊಳ್ಳಿ" ಅನ್ನುತ್ತಾರೆ. ಇಂಥವರು ಸಿನಾನ್ ಎಂಬ ಬಡಗಿಯ ಬದುಕನ್ನು ಒಮ್ಮೆ ತಿಳಿಯಬೇಕು.

ಸಿನಾನ್ ಹುಟ್ಟಿದ್ದು ತುರ್ಕಿಯ ಕೈಸೇರಿ ಸಮೀಪದ ಹಳ್ಳಿಯೊಂದರ ಕ್ರೈಸ್ತ ಮನೆಯಲ್ಲಿ, ಸುಮಾರು 1490ರಲ್ಲಿ. ಉಸ್ಮಾನಿಯಾ ಸುಲ್ತಾನರ ಸೇನೆ ಅವರನ್ನು ಕರೆದೊಯ್ಯಿತು. ಇಸ್ಲಾಮಿಗೆ ಬಂದರು, ಮರಗೆಲಸ ಕಲಿತರು. ಬಳಿಕ ವರ್ಷಗಟ್ಟಲೆ ದಂಡಿನ ಜೊತೆ ತಿರುಗಾಟ. 1538ರಲ್ಲಿ ಪ್ರುತ್ ನದಿಯ ಕೆಸರು ದಡದಲ್ಲಿ ಕೆಲವೇ ದಿನಗಳಲ್ಲಿ ಸೇತುವೆ ಕಟ್ಟಿಕೊಟ್ಟರು. ಮರುವರ್ಷ ಸುಲ್ತಾನ್ ಸುಲೈಮಾನ್ ಅವರನ್ನು ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿದರು. ಆಗ ಅವರಿಗೆ ಸುಮಾರು ಐವತ್ತು!

ಅವರ ದೊಡ್ಡ ಕೆಲಸಗಳೆಲ್ಲ ಆಮೇಲಿನವು. ಇಸ್ತಾಂಬುಲ್‌ನ ಶಹಜಾದೆ ಮಸೀದಿಯನ್ನು ಅವರು ತನ್ನ ಶಿಷ್ಯಾವಸ್ಥೆಯ ಕೆಲಸ ಎಂದು ಎಣಿಸಿದರಂತೆ. 1557ರಲ್ಲಿ ಮುಗಿದ ಸುಲೈಮಾನಿಯಾ ಮಸೀದಿಯಲ್ಲಿ ಎಣ್ಣೆ ದೀಪಗಳ ಮಸಿ ಒಂದು ಕೋಣೆಗೆ ಸೇರುವಂತೆ ಗಾಳಿಯ ದಾರಿ ಮಾಡಿದ್ದರು. ಆ ಮಸಿಯಿಂದಲೇ ಬರೆಯುವ ಶಾಯಿ ತಯಾರಾಗುತ್ತಿತ್ತು ಎನ್ನುತ್ತಾರೆ. ಗುರುವಿನ ಮಟ್ಟದ ಕೆಲಸವೆಂದು ಅವರು ಒಪ್ಪಿದ್ದು ಎದಿರ್ನೆಯ ಸಲೀಮಿಯಾ ಮಸೀದಿಯನ್ನು. ಅದರ ಗುಮ್ಮಟದ ಅಗಲ 31 ಮೀಟರಿಗೂ ಹೆಚ್ಚು. 1568ರಲ್ಲಿ ಆ ಕೆಲಸಕ್ಕೆ ಕೈ ಹಾಕುವಾಗ ಅವರ ಪ್ರಾಯ ಎಂಬತ್ತರ ಹತ್ತಿರ. 1588ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆ ಅವರದ್ದೇ.

ಇದರಲ್ಲಿ ಪವಾಡವೇನೂ ಇಲ್ಲ. ಮರ, ಕಲ್ಲು, ತೂಕ, ನೀರು ಇವುಗಳ ಬಗ್ಗೆ ಮೂವತ್ತು ವರ್ಷ ಕೈ ಕಲಿತದ್ದನ್ನು ಆಮೇಲೆ ಮನಸ್ಸು ಬಳಸಿಕೊಂಡಿತು, ಅಷ್ಟೇ. ಅವಕಾಶ ಕೊಟ್ಟವರು ಸರ್ಟಿಫಿಕೇಟ್ ಕೇಳಲಿಲ್ಲ, ಸೇತುವೆ ನೋಡಿದರು.

ನಮ್ಮಲ್ಲೇನಾಗುತ್ತಿದೆ? ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕಂಬಗಳನ್ನು ನೋಡಿ ನಾವು ಹೆಮ್ಮೆ ಪಡುತ್ತೇವೆ. ಆದರೆ ನಮ್ಮೂರಿನ ಹಳೆ ಪಳ್ಳಿ ಒಡೆಯುವಾಗ ಕೆತ್ತನೆಯ ಬಾಗಿಲು ಗುಜರಿಗೆ ಹೋಗುತ್ತದೆ, ಹೊಸ ಮಿಂಬರ್ ಎಲ್ಲಿಂದಲೋ ರೆಡಿಮೇಡ್ ಬರುತ್ತದೆ. ಪಕ್ಕದ ಮನೆಯ ಬಡಗಿಯ ಹತ್ತಿರ ಒಂದು ಮಾತು ಕೇಳುವವರಿಲ್ಲ.

ದಾವೂದ್ ನಬಿ (ಅ) ಸ್ವಂತ ಕೈಯ ದುಡಿಮೆಯಲ್ಲಿ ಉಂಡವರು, ಝಕರಿಯಾ ನಬಿ (ಅ) ಬಡಗಿಯಾಗಿದ್ದವರು ಎಂದು ಮದ್ರಸದಲ್ಲಿ ನಾವು ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಕ್ಕಳ ಎದುರು ಕೈಕೆಲಸದವರನ್ನು ಹಗುರವಾಗಿ ಕಂಡರೆ ಆ ಪಾಠಕ್ಕೆ ಬೆಲೆ ಎಲ್ಲಿ?

ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಮಿಂಬರ್, ಮುಂದಿನ ಬಾಗಿಲನ್ನು ಊರಿನ ಹಿರಿಯ ಕೆಲಸಗಾರರಿಗೆ ಒಪ್ಪಿಸಿ. ನಕ್ಷೆ ಅವರೇ ಬಿಡಿಸಲಿ. ಜೊತೆಗೆ ಇಬ್ಬರು ಹುಡುಗರನ್ನು ಕೂರಿಸಿ. ಸ್ವಲ್ಪ ತಡವಾದರೂ ಆಗಲಿ, ಕೆಲಸ ನಮ್ಮವರ ಕೈಯಲ್ಲಿ ಉಳಿಯುತ್ತದೆ.