ಗಾಡಿಗೆ ತಕ್ಕ ಬ್ಯಾಟರಿಯೋ, ಅಂಗಡೀಲಿ ಉಳಿದ ಬ್ಯಾಟರಿಯೋ?

ಮುಂಗಾರು ಹತ್ತಿರ ಬಂದಾಗಲೆಲ್ಲ ನಮ್ಮ ಕಡೆ ಬೀಜ ಗೊಬ್ಬರದ ಜೊತೆಗೆ ಇನ್ನೊಂದು ವ್ಯಾಪಾರ ಜೋರಾಗುತ್ತೆ, ಬ್ಯಾಟರಿದು. ನಾಲ್ಕು ತಿಂಗಳು ಕೊಟ್ಟಿಗೆ ಪಕ್ಕ ನಿಂತಿದ್ದ ಹಳೇ ಟ್ರಾಕ್ಟರ್, ಹದ ಮಳೆ ಬಿದ್ದ ಬೆಳಿಗ್ಗೆ ಕೀ ತಿರುಗಿಸಿದ್ರೆ "ಟಿಕ್" ಅಂದು ಸುಮ್ಮನಾಗುತ್ತೆ. ಹದ ಯಾರಿಗೂ ಕಾಯಲ್ಲ. ಬೈಕ್ ಹತ್ತಿ ಪೇಟೆಗೆ ಓಡ್ತೀವಿ. ಏಳೆಂಟು ಸಾವಿರ ಕೊಟ್ಟು ಏನೋ ಒಂದನ್ನ ಹೊತ್ಕೊಂಡು ಬರ್ತೀವಿ. ಆ "ಏನೋ ಒಂದು" ಅನ್ನೋದರ ಮೇಲೇ ನನ್ನ ತಕರಾರು.

ಈಗ ಅಂಗಡಿಗಳಲ್ಲಿ ಮೊಬೈಲ್ ನೋಡಿ ಬ್ಯಾಟರಿ ಕೊಡ್ತಾರೆ. ಕಂಪನಿ ಹೆಸರು ಒತ್ತಿ, ಮಾಡೆಲ್ ಒತ್ತಿ, ಬಂದ ನಂಬರ್ ತೆಗೆದು ಕೊಡೋದು. ಹೊಸ ಗಾಡಿಗೆ ಅದು ಸರಿ. ನನ್ನದು ಎಚ್‌ಎಂಟಿ 2511. ಝೀಟರ್ ಸಹಯೋಗದಲ್ಲಿ ಪಿಂಜೋರ್‌ನಲ್ಲಿ ತಯಾರಾಗಿದ್ದ ಗಾಡಿ. ಎಚ್‌ಎಂಟಿ ಟ್ರಾಕ್ಟರ್ ವಿಭಾಗ ಮುಚ್ಚೋಕೆ 2016ರಲ್ಲೇ ಕೇಂದ್ರ ತೀರ್ಮಾನ ಮಾಡಿತು. ಅಂಗಡಿ ಹುಡುಗ ಹುಡುಕಿ ಹುಡುಕಿ, "ಯಜಮಾನ್ರೇ, ನಿಮ್ ಗಾಡಿ ಲಿಸ್ಟಲ್ಲೇ ಇಲ್ಲ, ಇದನ್ನ ಹಾಕಿ, ಆಂಪಿಯರ್ ಜಾಸ್ತಿ ಇದೆ, ಒಳ್ಳೇದೇ" ಅಂದ. ಲಿಸ್ಟಲ್ಲಿ ಇಲ್ಲ ಅಂದ್ರೆ ಬಂದು ಗಾಡಿ ನೋಡಬೇಕು, ಇಲ್ಲಾ ನನ್ನನ್ನ ನಾಲ್ಕು ಪ್ರಶ್ನೆ ಕೇಳಬೇಕು. ಡೈನಮೋನಾ ಆಲ್ಟರ್ನೇಟರಾ? ಪೆಟ್ಟಿಗೆ ಅಳತೆ ಎಷ್ಟು? ಟರ್ಮಿನಲ್ ಯಾವ ಕಡೆ? ಒಂದನ್ನೂ ಕೇಳಲಿಲ್ಲ. ಸ್ಟಾಕ್‌ನಲ್ಲಿ ಯಾವುದು ಉಳಿದಿತ್ತೋ ಅದೇ ನನ್ನ ಗಾಡಿಗೆ "ಒಳ್ಳೇದು" ಆಯ್ತು. ನಾನು ತಗೊಳ್ಳಲಿಲ್ಲ, ಆ ಮಾತು ಬೇರೆ.

ಈ ಆಂಪಿಯರ್ ಜಾಸ್ತಿ ಅನ್ನೋ ಮರುಳು ಅಂಗಡಿಯವರಿಗೆ ಮಾತ್ರ ಇಲ್ಲ, ನಮ್ಮವರಿಗೂ ಇದೆ. ಟ್ಯಾಂಕ್ ದೊಡ್ಡದಾದ ಮಾತ್ರಕ್ಕೆ ಬೋರ್‌ನಲ್ಲಿ ನೀರು ಜಾಸ್ತಿ ಬರುತ್ತಾ? ಬ್ಯಾಟರಿ ಟ್ಯಾಂಕ್, ಡೈನಮೋ ಬೋರು. ನನ್ನ ಡೈನಮೋ ಮೇಲೆ ಬರೆದಿರೋದು 150 ವ್ಯಾಟ್. ಅಂದ್ರೆ ಪೂರ್ತಿ ಓಟದಲ್ಲಿದ್ದಾಗ ಸುಮಾರು 12 ಆಂಪಿಯರ್. ಸ್ಲೋನಲ್ಲಿ ನಿಂತಿದ್ರೆ ಕಟೌಟ್ ಬಿಟ್ಟುಕೊಳ್ಳುತ್ತೆ, ಏನೂ ಬರಲ್ಲ. ಮುಂದಿನ ಎರಡು ಲೈಟ್ ಹಾಕಿದ್ರೆ ಅವೇ ಏಳು ಆಂಪಿಯರ್ ತಿಂತಾವೆ. 150 ಆಂಪಿಯರ್ ಅವರ್ ಬ್ಯಾಟರಿ ಅರ್ಧ ಇಳಿದ್ರೆ 75 ವಾಪಸ್ ತುಂಬಬೇಕು. ಹಗಲು ಲೈಟ್ ಇಲ್ಲದೆ ಉತ್ತರೂ ಆರೇಳು ಗಂಟೆ, ಲೈಟ್ ಹಾಕ್ಕೊಂಡ್ರೆ ಹದಿನೈದು ಗಂಟೆ. ಅದೂ ಲೆಕ್ಕದಲ್ಲಿ, ನಿಜದಲ್ಲಿ ಇನ್ನೂ ಜಾಸ್ತಿ. ತೋಟದಿಂದ ಮನೆಗೆ, ಮನೆಯಿಂದ ಗಿರಣಿಗೆ ಓಡೋ ಗಾಡಿ ಅದನ್ನ ಯಾವತ್ತು ತುಂಬುತ್ತೆ? ಅರೆ ಚಾರ್ಜಲ್ಲಿ ಬಿದ್ದಿದ್ರೆ ಪ್ಲೇಟಿನ ಮೇಲೆ ಬಿಳೀ ಸಲ್ಫೇಟ್ ಗಟ್ಟಿ ಕೂತ್ಕೊಳ್ಳುತ್ತೆ. ಅಲ್ಲಿಗೆ ಮುಗೀತು.

ನಾನು 88 ಆಂಪಿಯರ್ ಅವರ್ ದಾಟಿ ಹೋಗಿಲ್ಲ. ಹತ್ತು ಹೆಚ್ಚು ಕಮ್ಮಿ ಆದ್ರೆ ಲೋಕ ಮುಳುಗಲ್ಲ. ಸೆಲ್ಫ್ ತನಗೆ ಬೇಕಾದಷ್ಟೇ ಎಳ್ಕೊಳ್ಳೋದು.

ಇನ್ನು ಇನ್ವರ್ಟರ್ ಬ್ಯಾಟರಿ ಕಥೆ. ನಮ್ಮ ಪಕ್ಕದೂರಿನ ಒಬ್ಬರಿಗೆ ಇದನ್ನೇ ಕಟ್ಟಿ ಕಳಿಸಿದ್ರು, "ಟ್ಯೂಬುಲರ್, ಐದು ವರ್ಷ ನೋಡಂಗಿಲ್ಲ" ಅಂತ. ಟ್ಯೂಬುಲರ್ ಪ್ಲೇಟು ದಪ್ಪ. ರಾತ್ರಿಯೆಲ್ಲ ಫ್ಯಾನು ಲೈಟಿಗೆ ನಿಧಾನಕ್ಕೆ ಕರೆಂಟ್ ಕೊಡೋಕೆ ಮಾಡಿದ್ದು. ಡೀಸೆಲ್ ಇಂಜಿನ್ ತಿರುಗಿಸೋಕೆ ಸೆಲ್ಫ್ ಮೂರು ಸೆಕೆಂಡಲ್ಲಿ ನೂರಾರು ಆಂಪಿಯರ್ ಕೇಳುತ್ತೆ. ಅದಕ್ಕೆ ತೆಳು ಪ್ಲೇಟು ಜಾಸ್ತಿ ಇರೋ ಬ್ಯಾಟರಿ ಬೇಕು. ಉಳೋ ಎತ್ತನ್ನ ಓಟಕ್ಕೆ ಬಿಟ್ಟಂಗೆ ಇದು. ಮೇಲಾಗಿ ಅದು ಎತ್ತರ, ಪೆಟ್ಟಿಗೇಲಿ ಕೂರಲ್ಲ. ಅವರು ಕ್ಲ್ಯಾಂಪ್ ತೆಗೆದು ಸೈಕಲ್ ಟ್ಯೂಬಲ್ಲಿ ಬಿಗಿದಿದ್ರು. ಬದುವಿನ ಮೇಲೆ ಎರಡು ಸಲ ಕುಲುಕಿದ್ದಕ್ಕೆ ಮೂಲೆ ಸೀಳಿ ಆಸಿಡ್ ಇಳಿದು, ಕೆಳಗಿನ ತಗಡು ತಿಂದು ಹಾಕಿತ್ತು. ಸದ್ಯ, ಟರ್ಮಿನಲ್ ಬಾನೆಟ್‌ಗೆ ತಾಗಿ ಕಿಡಿ ಏಳಲಿಲ್ಲ. ಡೀಸೆಲ್ ಟ್ಯಾಂಕ್ ಎಲ್ಲಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ವಾರಂಟಿ ಕೇಳೋಕೆ ಹೋದ್ರೆ "ಗಾಡಿಗೆ ಯಾಕೆ ಹಾಕಿದ್ರಿ?" ಅಂತ ಅವರನ್ನೇ ದಬಾಯಿಸಿದ್ರಂತೆ. ಕೊಟ್ಟವರು ಯಾರು ಮತ್ತೆ?

ಸೀಲ್ ಬ್ಯಾಟರಿ, ಮೇಂಟೆನೆನ್ಸ್ ಫ್ರೀ ಅಂತಾರಲ್ಲ, ಅದು ಕೆಟ್ಟದ್ದು ಅಂತ ನಾನು ಹೇಳಲ್ಲ. ನನ್ನ ತಂಗಿ ಮನೆ ಕಾರಲ್ಲಿ ಅದೇ ಇದೆ, ಚೆನ್ನಾಗಿದೆ. ಆದ್ರೆ ಅದಕ್ಕೆ ಅಳತೆ ಹಿಡಿದಂಗೆ 14 ವೋಲ್ಟ್ ಆಸುಪಾಸಿನ ಚಾರ್ಜ್ ಬೇಕು. ನಲವತ್ತು ವರ್ಷದ ಹಿಂದಿನ ರೆಗ್ಯುಲೇಟರ್ ಪಾಯಿಂಟ್ ಸವೆದು ಒಮ್ಮೆ 13 ಕೊಡುತ್ತೆ, ಒಮ್ಮೆ 15 ದಾಟುತ್ತೆ. ಕಮ್ಮಿ ಆದ್ರೆ ಅರೆಹೊಟ್ಟೆ, ಜಾಸ್ತಿ ಆದ್ರೆ ಒಳಗಿನ ನೀರು ಆವಿ. ಮುಚ್ಚಳ ಇಲ್ಲದ ಬ್ಯಾಟರಿಗೆ ನೀರು ಎಲ್ಲಿಂದ ಹಾಕ್ತೀರಿ? ಆರು ಮುಚ್ಚಳ ಇರೋ ಮಾಮೂಲಿ ಬ್ಯಾಟರಿ ಆದ್ರೆ ತಿಂಗಳಿಗೊಂದು ಸಲ ನೋಡಿ ಡಿಸ್ಟಿಲ್ಡ್ ವಾಟರ್ ಹಾಕ್ಕೋಬಹುದು. ಬೋರ್ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಆಲ್ಟರ್ನೇಟರ್ ಕೂರಿಸಿ ರೆಗ್ಯುಲೇಟರ್ ಸರಿ ಇರೋರು ಸೀಲ್ ಬ್ಯಾಟರಿ ಹಾಕ್ಕೊಳ್ಳಿ, ನನ್ನ ತಕರಾರಿಲ್ಲ.

ಟರ್ಮಿನಲ್ ಎಡ ಬಲ ನೋಡಿ ತನ್ನಿ. ತಿರುಗುಮುರುಗಾದ್ರೆ ವೈರ್ ಎಟುಕಲ್ಲ, ಎಳೆದು ಕಟ್ಟೋ ಅವಸರದಲ್ಲಿ ಪ್ಲಸ್ಸು ಮೈನಸ್ಸು ಅದಲು ಬದಲಾಗುತ್ತೆ. ಇಂಗ್ಲೆಂಡಿನ ಹಳೇ ಫರ್ಗ್ಯುಸನ್ ಟಿಇ20 ಥರದ ಗಾಡಿ ಯಾರ ಹತ್ರನಾದ್ರೂ ಇದ್ರೆ ಇನ್ನೂ ಹುಷಾರು. ಅದರಲ್ಲಿ ಬಾಡಿಗೆ ಅರ್ತ್ ಆಗಿರೋದು ಪ್ಲಸ್ಸು. ಈಗಿನ ಹುಡುಗರು ನೋಡದೆ ಮೈನಸ್ ಬಿಗಿದುಬಿಡ್ತಾರೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಒಣ ಬ್ಯಾಟರಿಗೆ ಕಣ್ಣೆದುರೇ ಆಸಿಡ್ ಸುರಿದು "ತಗೊಂಡ್ ಹೋಗಿ" ಅನ್ನೋರ ಮೇಲೆ. ಆಸಿಡ್ ಹಾಕಿದ ಮೇಲೆ ಪ್ಲೇಟು ನೆನೀಬೇಕು. ಆಮೇಲೆ ಕಮ್ಮಿ ಆಂಪಿಯರಲ್ಲಿ ಗಂಟೆಗಟ್ಟಲೆ ಮೊದಲ ಚಾರ್ಜ್ ಆಗಬೇಕು. ಅದನ್ನ ಮಾಡದೆ ಕೊಟ್ಟ ಬ್ಯಾಟರಿ ನಿಮ್ಮ ಮನೆಗೆ ಬರೋ ಹೊತ್ತಿಗೇ ಅರ್ಧ ಆಯಸ್ಸು ಕಳ್ಕೊಂಡಿರುತ್ತೆ. "ಸಾಯಂಕಾಲ ಬರ್ತೀನಿ, ಚಾರ್ಜ್ ಮಾಡಿಡಿ" ಅನ್ನಿ. ಆಗಲ್ಲ ಅಂದ್ರೆ ಬೇರೆ ಅಂಗಡಿ ನೋಡಿ. ತುಂಬಿಸಿಟ್ಟ ಬ್ಯಾಟರಿ ಆದ್ರೆ ತಯಾರಾದ ತಿಂಗಳು ಕೇಳಿ. ಆರು ತಿಂಗಳು ಚಾರ್ಜ್ ಕಾಣದೆ ಕಪಾಟಿನಲ್ಲಿ ಕೂತಿದ್ರೆ ಅದು ಹೊಸದಲ್ಲ.

ಪೇಟೆಗೆ ಓಡೋ ಮೊದಲು ಅರ್ಧ ಗಂಟೆ ಗಾಡಿ ಹತ್ರ ಕೂರಿ. ಟರ್ಮಿನಲ್ ಬಿಚ್ಚಿ ಬಿಸಿನೀರು ಸೋಡಾಪುಡಿಯಲ್ಲಿ ತೊಳೀರಿ. ನೀರು ಸೆಲ್ಲಿನ ಒಳಗೆ ಇಳೀಬಾರದು. ಅರ್ತ್ ವೈರ್ ಚಾಸಿಗೆ ಸೇರೋ ಜಾಗದ ತುಕ್ಕು ಉಜ್ಜಿ. "ಬ್ಯಾಟರಿ ಹೋಯ್ತು" ಅಂತ ನನ್ನ ಹತ್ರ ಬಂದ ಎಷ್ಟೋ ಜನರ ರೋಗ ಅಲ್ಲೇ ಇತ್ತು. ಮಲ್ಟಿಮೀಟರ್ ಇಡಿ. ರಾತ್ರಿ ಸುಮ್ಮನಿದ್ದ ಬ್ಯಾಟರಿ 12.6 ತೋರಿಸಿದ್ರೆ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಹಸಿದಿದೆ. ಹಸಿದಿದ್ದನ್ನ ಸತ್ತಿದ್ದು ಅನ್ನಬೇಡಿ, ಚಾರ್ಜ್ ಮಾಡಿಸಿ. ತುಂಬಿದ್ದಾಗಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಆಗ ಅನುಮಾನ ಪಡಿ. ಆರು ಸೆಲ್ಲಿಗೂ ಹೈಡ್ರೋಮೀಟರ್ ಇಳಿಸಿ. ಐದು 1.250 ಮೇಲಿದ್ದು ಒಂದು ಮಾತ್ರ 1.150 ಅಂದ್ರೆ ಆ ಸೆಲ್ ಹೋಗಿದೆ, ಹೊಸದು ತರಲೇಬೇಕು.

ಹೊಸದು ತಂದಾಗ ಹಳೇದನ್ನ ಪುಕ್ಕಟೆ ಬಿಟ್ಟು ಬರಬೇಡಿ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ. "ಎಕ್ಸ್‌ಚೇಂಜಲ್ಲಿ ಕಳೆದಿದ್ದೀನಿ" ಅಂದ್ರೆ ಬಿಲ್ಲಲ್ಲಿ ಎಷ್ಟು ಕಳೆದಿದ್ದಾರೆ ಬರೆಸಿ, ತಕ್ಕಡಿಗೆ ಹಾಕಿಸಿ. ಹಳೇ ಬ್ಯಾಟರಿ ವಾಪಸ್ ತಗೊಳ್ಳೋ ಹೊಣೆ ಮಾರೋರ ಮೇಲೆ 2001ರ ನಿಯಮದಲ್ಲೇ ಹೊರಿಸಿದ್ರು. ಈಗ 2022ರ ನಿಯಮ ಇದೆ. ಗುಜರಿಯವನು ಕಾಲುವೆ ಪಕ್ಕ ಆಸಿಡ್ ಚೆಲ್ಲಿ ಪೆಟ್ಟಿಗೆ ಒಡೆದ್ರೆ ಆ ಸೀಸ ನಮ್ಮ ದನ ಕುಡಿಯೋ ನೀರಿಗೇ ಇಳಿಯೋದು.

"ಆ ಹಳೇ ಡಬ್ಬಕ್ಕೆ ಇಷ್ಟೆಲ್ಲ ಯಾಕೆ, ಮಾರಿ ಹೊಸದು ತಗೊಳ್ಳಿ" ಅಂತ ಕಾಮೆಂಟ್ ಹಾಕೋರು ಹೊಸದರ ಕಂತೂ ನೀವೇ ಕಟ್ಟೋದಾದ್ರೆ ಹಾಕಿ.

ನನ್ನ ಹತ್ರ ಹೈಡ್ರೋಮೀಟರ್, ಮಲ್ಟಿಮೀಟರ್ ಎರಡೂ ಇವೆ. ಸುತ್ತಲಿನ ಊರಿನವರು ಬಿತ್ತನೆಗೆ ಮುಂಚೆ ಬಂದು ತಗೊಂಡ್ ಹೋಗಬಹುದು. ಹೈಡ್ರೋಮೀಟರ್ ಗಾಜಿಂದು, ತೊಳೆದು ವಾಪಸ್ ಕೊಡಿ.